ಮಿರ್ಚಿಗೆ ಕಾಯುತ್ತಿದ್ದ ಇಂಟರ್ವಲ್

ನನ್ನ ಸೋದರತ್ತೆ ಸಿರುಗುಪ್ಪದ ಒಂದು ಚಿತ್ರಮಂದಿರದ ಗೇಟಿನ ಪಕ್ಕದಲ್ಲಿ ಬಹಳ ವರ್ಷ ಮಿರ್ಚಿ ಕರಿದವಳು. ಒಗ್ಗರಣೆ ಮಂಡಕ್ಕಿಯನ್ನು ಮೊದಲೇ ಕಲಸಿಟ್ಟಿರುತ್ತಿದ್ದಳು. ಮಿರ್ಚಿ ಮಾತ್ರ ಜನ ಹೊರಗೆ ಬಂದ ಮೇಲೆಯೇ ಎಣ್ಣೆಗೆ ಬೀಳಬೇಕು. ಪ್ರೊಜೆಕ್ಟರ್ ನಡೆಸುವಾತ ಮೇಲಿನ ಕಿಟಕಿಯಿಂದ ಇಣುಕುತ್ತಿದ್ದ. ಕೊನೆಯ ಮಿರ್ಚಿ ಇಳಿಯಿತೆಂದು ಅತ್ತೆ ಜಾಲರಿ ಸೌಟು ಎತ್ತಿ ತೋರಿಸಿದ ಮೇಲೆಯೇ ಇಂಟರ್ವಲ್ ಮುಗಿದ ಗಂಟೆ ಬಾರಿಸುತ್ತಿದ್ದ.

ಒಮ್ಮೆ ಜ್ವರ ಬಂದು ಅವಳು ಎರಡು ದಿನ ಒಲೆ ಹೊತ್ತಿಸಲಿಲ್ಲ. ಮೂರನೆಯ ದಿನ ಮ್ಯಾನೇಜರರೇ ಮನೆಗೆ ಬಂದರು. ಇಂಟರ್ವಲ್‌ನಲ್ಲಿ ಜನ ಬಸ್‌ಸ್ಟ್ಯಾಂಡಿನ ಹೋಟೆಲ್ಲಿಗೆ ಹೋಗುತ್ತಾರೆ, ತಡವಾಗಿ ವಾಪಸು ಬಂದು ತಪ್ಪಿಹೋದದ್ದನ್ನು ಮತ್ತೆ ತೋರಿಸಿ ಎಂದು ಜಗಳ ತೆಗೆಯುತ್ತಾರೆ ಎಂದು ಗೋಳು ಹೇಳಿಕೊಂಡರು. ಅತ್ತೆ ಕಂಬಳಿಯೊಳಗಿಂದಲೇ ನಕ್ಕಳು.

ಇಷ್ಟಾದರೂ ಅವಳು ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಗೋಡೆಯಾಚೆಯಿಂದ ಕೇಳಿಸಿದ ಹಾಡು, ಅಳು, ಹೊಡೆದಾಟದಲ್ಲೇ ಕಥೆ ಕಟ್ಟಿಕೊಳ್ಳುತ್ತಿದ್ದಳು. ತೆಲುಗು ಸಿನಿಮಾದ ಮಾತುಗಳಂತೂ ಬಾಯಿಪಾಠ.

ಆ ಚಿತ್ರಮಂದಿರ ಈಗ ಮುಚ್ಚಿದೆ. ಅತ್ತೆ ಕುರುಗೋಡಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಅವಳನ್ನು ಬಳ್ಳಾರಿಗೆ ಕರೆಸಿ, ಈ ಸಲ ಮೊದಲಿಂದ ಕೊನೆತನಕ ನೋಡಲೇಬೇಕೆಂದು ಮಲ್ಟಿಪ್ಲೆಕ್ಸಿಗೆ ಕರೆದೊಯ್ದೆ. ಮೊದಲರ್ಧ ಕದಲದೆ ಕೂತಳು. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ತರಲು ನಾನೆದ್ದಾಗ ತಾನೂ ಬಂದಳು. ಗಾಜಿನ ಪೆಟ್ಟಿಗೆಯೊಳಗೆ ಕಾಳು ಸಿಡಿಯುವುದನ್ನು ನೋಡುತ್ತಾ, ಕೌಂಟರಿನ ಹುಡುಗಿಯನ್ನು ಮಾತಿಗೆಳೆದಳು. ಆಕೆ ಸಿರಿಗೇರಿಯವಳು.

“ಪಂಚಮಿಗೆ ಜ್ವಾಳದ ಅರಳು ಹುರೀತೀವಲ್ಲವ್ವಾ, ಅದರ ಅಣ್ಣ ಇದ್ದಂಗ ಐತಿ. ಯಾವ ಕಾಳಿದು?”

ಮಾಮೂಲಿ ಮೆಕ್ಕೆಜೋಳ ಹೀಗೆ ಅರಳುವುದಿಲ್ಲ, ಇದರ ತಳಿಯೇ ಬೇರೆ, ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದೆ ಎಂದು ಹುಡುಗಿ ವಿವರಿಸಿದಳು. ಅಷ್ಟರಲ್ಲಿ ಒಳಗೆ ಸಿನಿಮಾ ಶುರುವಾಯಿತು.

“ಅತ್ತಿ, ಬರ್ರಿ, ಶುರು ಆತು,” ಎಂದೆ.

“ನೀ ಹೋಗಿ ಕುಂದ್ರು. ಕಥಿ ಕಿವಿಗೆ ಬಿದ್ರ ಸಾಕು ನನಗ. ಇದನ್ನ ಕಣ್ಣಿಲೆ ನೋಡಬೇಕು.”

ಮೊದಲು ಸಿಟ್ಟು ಬಂತು. ಇಷ್ಟೆಲ್ಲ ಮಾಡಿ ಕರೆತಂದದ್ದು ಇದಕ್ಕೇನಾ ಅನ್ನಿಸಿತು. ಆಮೇಲೆ ಅವಳ ಮುಖ ನೋಡಿ ನಾನೂ ಅಲ್ಲೇ ನಿಂತೆ. ಎಣ್ಣೆ ಎಷ್ಟು ಕಾಯಬೇಕು, ಉಪ್ಪು ಯಾವಾಗ ಹಾಕಬೇಕು ಎಂದು ಅವರಿಬ್ಬರು ಇಪ್ಪತ್ತು ನಿಮಿಷ ಮಾತಾಡಿದರು. ಅತ್ತೆ ಅಷ್ಟು ಖುಷಿಯಾಗಿದ್ದನ್ನು ನೋಡಿ ಬಹಳ ದಿನವಾಗಿತ್ತು.

ಕುರುಗೋಡಿಗೆ ಮರಳುವಾಗ ಅವಳ ಚೀಲದಲ್ಲಿ ಎರಡು ಪ್ಯಾಕೆಟ್ ಕಾಳಿತ್ತು. ಮೊದಲ ಸಲ ಮುಚ್ಚಳ ಹಾಕುವುದು ಮರೆತು ಅಡುಗೆಮನೆ ತುಂಬಾ ಅರಳು ಹಾರಿತಂತೆ. ಎರಡನೆಯ ಸಲ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟು, ಖಾರ, ಹುರಿಗಡಲೆ ಪುಡಿ ಉದುರಿಸಿದಳು. ಈಗ ಮೊಮ್ಮಕ್ಕಳು ಟೀವಿ ಹಚ್ಚುವ ಮೊದಲು ಅದನ್ನೇ ಕೇಳುತ್ತಾರೆ. ನನಗೂ ಒಂದು ಡಬ್ಬಿ ಬಂದಿದೆ; ಇದನ್ನು ಬರೆಯುವಷ್ಟರಲ್ಲಿ ಅರ್ಧ ಖಾಲಿ.