ತಂಗಿ ಕೊಂಡ ಜಪಾನಿ ಕಾರು

ನನ್ನ ತಂಗಿ ಸಂಡೂರಿನಲ್ಲಿ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರೊಂದನ್ನು ಕೊಂಡ ಸುದ್ದಿ ನನಗೆ ತಿಳಿದದ್ದು ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಊಟದ ತಟ್ಟೆಯ ಮುಂದೆ ಕೂತಿದ್ದಾಗ. ಆಕೆ ವಿಡಿಯೋ ಕಾಲ್ ಮಾಡಿದ್ದಳು. ಮೊದಲು ಒಂದು ಟ್ರ್ಯಾಕ್ಟರಿನ ಹಿಂಭಾಗ ಕಂಡಿತು, ಆಮೇಲೆ ಹಗ್ಗ, ಹಗ್ಗದ ತುದಿಗೆ ಕೆಂಪು ಧೂಳಿನ ಗುಡ್ಡೆಯಂತೆ ಕುಂಟುತ್ತ ಬರುತ್ತಿದ್ದ ಕಾರು. ನಾಲ್ಕೂ ಟೈರುಗಳಲ್ಲಿ ಗಾಳಿ ಇರಲಿಲ್ಲ.

"ಅಕ್ಕಾ, ನೋಡಿಲ್ಲಿ! ತಗೊಂಡ್ಬಿಟ್ಟೆ!"

"ಹುಚ್ಚು ಹಿಡದೈತೇನು ನಿನಗ?" ಎಂದೆ.

ಅವಳು ನಕ್ಕಳು. ನಾನು ಫೋನ್ ಇಟ್ಟು ಅನ್ನ ಕಲಸಿದೆ. ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದೆ. ಏಕೆಂದರೆ ಆ ಕಾರನ್ನು ಅವಳಿಗಿಂತ ಮೊದಲು ನಾನು ನೋಡಿದ್ದೆ.

ಅದಿರಿನ ಲಾರಿಗಳು ಸಾಲು ಕಡಿಯದಂತೆ ಓಡುತ್ತಿದ್ದ ವರ್ಷಗಳಲ್ಲಿ ನಾನು ಹೊಸಪೇಟೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೆ. ಒಂದು ಸಂಜೆ ರೈಲ್ವೆ ಗೇಟು ಹಾಕಿತ್ತು. ಎರಡು ಲಾರಿಗಳ ನಡುವೆ, ನೆಲಕ್ಕೆ ಅಂಟಿಕೊಂಡಂತಿದ್ದ ಒಂದು ಬಿಳಿ ಕಾರು ಬಂದು ನಿಂತಿತು. ಬೆಳಕು ಮಂಕಾಗುತ್ತಿತ್ತು. ಇದ್ದಕ್ಕಿದ್ದಂತೆ ಅದರ ಬಾನೆಟ್ಟಿನ ಎರಡು ಕಡೆ ಮುಚ್ಚಳ ತೆರೆದು ಎರಡು ಹೆಡ್‌ಲೈಟು ಮೇಲೆದ್ದವು, ಮಲಗಿದ್ದ ಪ್ರಾಣಿ ಕಣ್ಣು ಬಿಟ್ಟಂತೆ. ಗೇಟು ತೆರೆದು ಕಾರು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಯಾವ ದೇಶದ್ದು, ಯಾವ ಎಂಜಿನ್ನು ಎಂದು ಆಮೇಲೆ ಮ್ಯಾಗಜೀನುಗಳಲ್ಲಿ ಹುಡುಕಿ ಹುಡುಕಿ ಓದಿದೆ. ಹಾಸ್ಟೆಲ್ಲಿನ ಗೆಳತಿಯರು ಗೋಡೆಗೆ ನಟರ ಚಿತ್ರ ಅಂಟಿಸಿದ್ದರೆ ನನ್ನ ಗೋಡೆಯ ಮೇಲೆ ಆ ಕಾರಿನ ಚಿತ್ರವಿತ್ತು.

ಗಣಿಗಳು ನಿಂತವು. ದೊಡ್ಡವರ ಕಾರುಗಳೂ ಕಣ್ಮರೆಯಾದವು. ನನಗೆ ತೋರಣಗಲ್ಲಿನ ಕಡೆ ಉಕ್ಕಿನ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿತು, ಹೊಸಪೇಟೆಯಲ್ಲಿ ಮದುವೆ, ಮನೆ, ಇಬ್ಬರು ಮಕ್ಕಳು. ಒಂದು ದಿನ ಜೊತೆಗೆ ಕೆಲಸ ಮಾಡುವವನೊಬ್ಬ ಮಾತಿಗೆ ಮಾತು ಬಂದು, ಅಂಥದೊಂದು ಕಾರು ಸಂಡೂರಿನಲ್ಲಿ ಗಣಿ ಮಾಲೀಕರೊಬ್ಬರ ವಿಧವೆಯ ಶೆಡ್ಡಿನಲ್ಲಿ ಕೊಳೆಯುತ್ತಿದೆ ಎಂದ. ಅರ್ಧ ದಿನ ರಜೆ ಹಾಕಿ ಒಬ್ಬಳೇ ಹೋದೆ. ಅದೇ ಕಾರು. ವಯಸ್ಸಾದ ಆ ಹೆಂಗಸು ನನಗೆ ಮಜ್ಜಿಗೆ ಕೊಟ್ಟರು.

"ಅಳಿಯ ತರಿಸಿದ್ದವಾ. ಈಗ ಅಂವ ಎಲ್ಲೋ, ಕಾರಿಲ್ಲಿ. ಬೇಕಂದ್ರ ಒಯ್ಯಿ. ನನಗ ಶೆಡ್ ಖಾಲಿ ಆದ್ರ ಸಾಕು."

ಮನೆಗೆ ಬಂದು ಊಟದ ಹೊತ್ತಿನಲ್ಲಿ ಗಂಡನಿಗೆ ಹೇಳಿದೆ. "ಇಬ್ಬರೇ ಕುಂದ್ರೋ ಕಾರ್ ತಗೊಂಡು ಮಕ್ಕಳನ್ನ ಡಿಕ್ಕಿಯಾಗ ಹಾಕೋಣೇನು?" ಎಂದರು. ಮಕ್ಕಳು ಬಿದ್ದು ಬಿದ್ದು ನಕ್ಕವು. ನಾನೂ ನಕ್ಕೆ. ಆ ನಗುವಿನೊಳಗೆ ಆ ಮಾತು ಮುಗಿದುಹೋಯಿತು. ಮತ್ತೆ ಯಾರ ಮುಂದೆಯೂ ಎತ್ತಲಿಲ್ಲ. ಹಾಗಾಗಿ ಆರು ವರ್ಷಗಳ ಮೇಲೆ ಅದೇ ಶೆಡ್ಡಿನಿಂದ ತಂಗಿ ಕಾರನ್ನು ಎಳೆಸಿಕೊಂಡು ಬಂದಾಗ ಅವಳದೇನೂ ತಪ್ಪಿರಲಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದರಿಂದ ಸಂಕಟವೇನೂ ಕಡಿಮೆಯಾಗಲಿಲ್ಲ.

ಇನ್ನೊಂದು ಮಾತೂ ಇತ್ತು. ನಮ್ಮ ತವರು ಕಂಪ್ಲಿ. ಅಪ್ಪ ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದ. ನಾನು ಸಾಲೆ ಬಿಟ್ಟೊಡನೆ ಗಿರಣಿಗೆ ಓಡುತ್ತಿದ್ದೆ. ಬೆಲ್ಟು ಬದಲಿಸುವಾಗ, ಎಂಜಿನ್ ಬಿಚ್ಚುವಾಗ ಅಪ್ಪನ ಪಕ್ಕದಲ್ಲಿ ನಾನೇ. ತಂಗಿ ಹೊಟ್ಟಿನ ಚೀಲದ ಮೇಲೆ ಕೂತು ಹಳೆಯ ಬಟ್ಟೆಯ ಚೂರಿಗೆ ಗುಂಡಿ ಹಚ್ಚುತ್ತಿದ್ದಳು. "ದೊಡ್ಡಾಕಿ ಕೈಯಾಗ ಮಷೀನ್ ಮಾತಾಡತೈತಿ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಆ ಮಾತಿನ ಮೇಲೆಯೇ ನಾನು ಡಿಪ್ಲೊಮಾ ಓದಿದೆ ಎಂದರೂ ಸರಿ. ತಂಗಿ ಸಂಡೂರಿನ ಮೇಷ್ಟ್ರೊಬ್ಬರನ್ನು ಮದುವೆಯಾಗಿ, ಸಾಲೆಯ ಯೂನಿಫಾರ್ಮ್ ಹೊಲಿಯುವ ಅಂಗಡಿ ಹಾಕಿಕೊಂಡಳು. ಐದು ಮಷೀನು, ಮೂವರು ಹೆಂಗಸರು. ಮಷೀನು ಕೆಟ್ಟರೆ ತಾನೇ ಬಿಚ್ಚುತ್ತಿದ್ದಳಂತೆ. ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕಾರು ಕೊಂಡ ಎರಡನೆಯ ಭಾನುವಾರ ನೋಡಲು ಹೋದೆ. ಮನೆಯ ಹಿಂದಿನ ತಗಡಿನ ಚಪ್ಪರದ ಕೆಳಗೆ ಅದನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಏಳು ಸಲ ತೊಳೆದರೂ ನೀರು ಕೆಂಪಾಗಿಯೇ ಹರಿಯಿತಂತೆ. ಬಾಗಿಲಿನ ಸಂದಿನಲ್ಲಿ, ಸೀಟಿನ ಹೊಲಿಗೆಯಲ್ಲಿ, ದೀಪದ ಗೂಡಿನೊಳಗೆ ಕೂಡ ಸಂಡೂರಿನ ಆ ಕೆಂಪು ಪುಡಿ. ಅದರ ಕೆಳಗಿನ ಬಿಳಿ ಬಣ್ಣ ಹಳೆಯ ಹಲ್ಲಿನಂತೆ ಹಳದಿಯಾಗಿತ್ತು. ಎಂಜಿನ್ನಿನ ಪಕ್ಕ, ಗೋಣಿಚೀಲದ ಮೇಲೆ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅಪ್ಪ ಕೂತಿದ್ದ.

"ಯಾವಾಗ ಬಂದಿಯಪ್ಪಾ?" ಎಂದು ಕೇಳಿದೆ.

"ನಾಕು ದಿನಾತು. ಬಸ್ಸಿಗೆ ಬಂದೆ."

ಕಂಪ್ಲಿಯಿಂದ ಬರುವವರು ಹೊಸಪೇಟೆ ಬಸ್ ನಿಲ್ದಾಣದಲ್ಲಿ ಇಳಿದು ಸಂಡೂರಿನ ಬಸ್ಸು ಹಿಡಿಯಬೇಕು. ನಿಲ್ದಾಣದಿಂದ ನನ್ನ ಮನೆ ಹತ್ತು ನಿಮಿಷದ ನಡಿಗೆ. ಅಪ್ಪ ಇಳಿದಿದ್ದ, ಹತ್ತಿದ್ದ, ಹೋಗಿದ್ದ. ನನಗೊಂದು ಫೋನೂ ಮಾಡಿರಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಎಷ್ಟು ಸಲ ಹಾಗೆಯೇ ಹೋದನೋ! ಒಮ್ಮೆ ನಾನೇ ತರಕಾರಿ ಚೀಲ ಹಿಡಿದು ನಿಲ್ದಾಣದ ಮುಂದೆ ನಡೆಯುತ್ತಿದ್ದಾಗ, ಅಪ್ಪ ಸಂಡೂರಿನ ಬಸ್ಸಿನ ಕಿಟಕಿಯಲ್ಲಿ ಕೂತಿರುವುದು ಕಂಡಿತು. ತೊಡೆಯ ಮೇಲೆ ಹಳೆಯ ಸ್ಪ್ಯಾನರುಗಳ ಬಟ್ಟೆಯ ಗಂಟು. ಕೂಗಲಿಲ್ಲ. ಬಸ್ಸು ಹೋಗುವವರೆಗೆ ಬಾಳೆಹಣ್ಣಿನ ಗಾಡಿಯ ಮರೆಯಲ್ಲಿ ನಿಂತೆ.

ತಂಗಿಯ ಕೆಲಸ ನೋಡಿದಾಗ ಮತ್ತಷ್ಟು ಉರಿಯಿತು. ಅವಳು ಬಿಚ್ಚಿದ ಬೋಲ್ಟು, ನಟ್ಟು, ವಾಷರುಗಳನ್ನೆಲ್ಲ ಇಡ್ಲಿ ತಟ್ಟೆಗಳಲ್ಲಿ ಇಟ್ಟಿದ್ದಳು. ಒಂದೊಂದು ಕುಳಿಯಲ್ಲಿ ಒಂದೊಂದು ಭಾಗದ ಬೋಲ್ಟು, ಪಕ್ಕದಲ್ಲಿ ಚಾಕ್‌ಪೀಸಿನಲ್ಲಿ ಬರೆದ ಗುರುತು. ತಟ್ಟೆಯ ಮೇಲೆ ತಟ್ಟೆ ಪೇರಿಸಿ ಕಂಬಿಗೆ ಸಿಕ್ಕಿಸಿದರೆ ಒಂದೂ ಕಳೆಯುವಂತಿಲ್ಲ. ಇಷ್ಟು ವರ್ಷ ಕಾರ್ಖಾನೆಯಲ್ಲಿ ದುಡಿದರೂ ನನಗೆ ಹೊಳೆಯದ ಉಪಾಯ. ಸೀಟುಗಳ ಹಳೆಯ ಹೊದಿಕೆಯನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ, ಅದನ್ನೇ ಅಳತೆಗೆ ಇಟ್ಟುಕೊಂಡು ಹೊಸದು ಹೊಲಿದಿದ್ದಳು. ಒಂದು ಸುಕ್ಕಿಲ್ಲ. ನಾನು ಸೀಟಿನ ಹಿಂಬದಿಗೆ ಬಗ್ಗಿ, ಯಾರಿಗೂ ಕಾಣದ ಜಾಗದಲ್ಲಿ ಒಂದು ಸೊಟ್ಟ ಹೊಲಿಗೆ ಹುಡುಕಿ ತೋರಿಸಿದೆ.

"ಹೌದಲ್ಲಕ್ಕಾ" ಎಂದು ಅವಳು ಅಷ್ಟನ್ನೂ ಬಿಚ್ಚಿ ಮತ್ತೆ ಹೊಲಿದಳು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಸೈಲೆನ್ಸರಿನ ತುಕ್ಕು ಹಿಡಿದ ಬೋಲ್ಟೊಂದು ಅಲುಗುತ್ತಿರಲಿಲ್ಲ. ನಾನು ಸ್ಪ್ಯಾನರ್ ಹಿಡಿದೆ. ಅಪ್ಪ ನನ್ನ ಕೈ ತಡೆದ.

"ನೀ ಜೋರ್ ಮಾಡಿ ಮುರೀತಿ. ಆಕಿಗೆ ಬಿಡು, ಆಕಿ ಕೈಯಾಗ ಸಮಾಧಾನ ಐತಿ."

ತಂಗಿ ಎಣ್ಣೆ ಬಿಟ್ಟು, ಕಾಯಿಸಿ, ಒಂದಿಷ್ಟೇ ಹಿಂದೆ, ಒಂದಿಷ್ಟೇ ಮುಂದೆ ಆಡಿಸಿ ಅದನ್ನು ಹೊರಗೆ ತೆಗೆದಳು. ಅಪ್ಪ ಬೋಲ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂಸನ್ನು ನೋಡಿದ ಹಾಗೆ ನೋಡಿದ. ನಾನು ಚಹಾ ಮಾಡುತ್ತೇನೆಂದು ಒಳಗೆ ಹೋದೆ.

ಎಂಜಿನ್ನು ಮಳೆಗಾಲಕ್ಕೆ ಮೊದಲೇ ಶುರುವಾಯಿತು. ಉಳಿದದ್ದು ಹೆಡ್‌ಲೈಟು. ಬಲಗಡೆಯದು ಏಳುತ್ತಿತ್ತು, ಎಡಗಡೆಯದು ಏಳುತ್ತಿರಲಿಲ್ಲ. ಅದನ್ನು ಎತ್ತುವ ಪುಟ್ಟ ಮೋಟಾರಿನೊಳಗೆ ಒಂದು ನೈಲಾನ್ ಗೇರು, ಅದರ ಹಲ್ಲುಗಳು ಸವೆದು ಬೋಳಾಗಿದ್ದವು. "ಅಕ್ಕಾ, ಹೊಸಪೇಟೆಯಾಗ ನಿನಗ ಗೊತ್ತಿರೋ ಲೇತ್ ಅಂಗಡಿ ಐತಲ್ಲ, ಅಲ್ಲಿ ಮಾಡಿಸಿಕೊಡು" ಎಂದು ಹಳೆಯ ಗೇರನ್ನು ನನ್ನ ಕೈಗೆ ಕೊಟ್ಟಳು. ಮೊದಲ ಸಲ ಆ ಕಾರಿಗೆ ನಾನು ಬೇಕಾಗಿದ್ದೆ.

ಲೇತ್ ಅಂಗಡಿಯವನು ಹಳಬ, ಒಳ್ಳೆಯ ಕೆಲಸಗಾರ. ನಾಲ್ಕೇ ದಿನಕ್ಕೆ ಹೊಸ ಗೇರು ಕಡೆದು ಕೊಟ್ಟ. ಹಾಲಿನಷ್ಟು ಬಿಳುಪು, ಹಲ್ಲುಗಳು ಒಂದಕ್ಕೊಂದು ಹೆಚ್ಚುಕಡಿಮೆಯಿಲ್ಲ. ಅದನ್ನು ಮನೆಗೆ ತಂದೆ. ಅಂದೇ ತಂಗಿಯ ಫೋನು ಬಂತು.

"ಗೇರ್ ಆತೇನಕ್ಕಾ?"

"ಇನ್ನಾ ಇಲ್ಲ. ಅವನಿಗೆ ಭಾಳ ಕೆಲಸ ಐತಂತ."

ಏಕೆ ಹಾಗೆಂದೆ ಎಂದು ನನಗೆ ಆ ಗಳಿಗೆಯಲ್ಲಿ ತಿಳಿಯಲಿಲ್ಲ. ಬಾಯಿಂದ ಬಂದುಬಿಟ್ಟಿತು. ಮರುದಿನ ಸರಿಮಾಡಬಹುದಿತ್ತು. ಮಾಡಲಿಲ್ಲ. ಗೇರನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ. ವಾರಕ್ಕೊಮ್ಮೆ ಅವಳು ಕೇಳುವಳು, ವಾರಕ್ಕೊಮ್ಮೆ ನಾನು ಸುಳ್ಳು ಹೇಳುವೆ. ಆ ಕಾರು ಪೂರ್ತಿಯಾಗದೆ ನನಗಾಗಿ ಕಾಯುತ್ತಿದೆ ಎಂಬುದರಲ್ಲಿ ಒಂದು ಕೆಟ್ಟ ಸುಖವಿತ್ತು.

ಆದರೆ ಅದು ಕಾಯಲಿಲ್ಲ. ತಂಗಿ ಒಂದೇ ದೀಪ ಎತ್ತಿಕೊಂಡು ಪೇಟೆಯಲ್ಲಿ ಓಡಾಡತೊಡಗಿದಳು. ಸಂಡೂರಿನ ಜನ ಅದಕ್ಕೆ "ಕಣ್ ಹೊಡಿಯೋ ಕಾರ್" ಎಂದು ಹೆಸರಿಟ್ಟರು. ಸಾಲೆಯ ಮಕ್ಕಳು ಓಣಿಯ ತುದಿಯಲ್ಲಿ ನಿಂತು "ಆಂಟಿ, ಕಣ್ ಹೊಡಸ್ರಿ!" ಎಂದು ಕೂಗುತ್ತಿದ್ದರು, ಅವಳು ಗುಂಡಿ ಒತ್ತುತ್ತಿದ್ದಳು, ಮಕ್ಕಳು ಕುಣಿಯುತ್ತಿದ್ದರು. ಯಾರೋ ತೆಗೆದ ವಿಡಿಯೋ ನಮ್ಮ ಕಾರ್ಖಾನೆಯವರ ಫೋನುಗಳಿಗೂ ಬಂತು. "ಮೇಡಂ, ನಿಮ್ಮ ತಂಗ್ಯಾರಂತಲ್ಲ, ಮಸ್ತ್ ಅದಾರ ಬಿಡ್ರಿ" ಎಂದ ಒಬ್ಬ. ಅಡ್ಡಗಾಲು ಹಾಕಿದ್ದು ನಾನು, ಹೆಸರು ಬಂದದ್ದು ಅವಳಿಗೆ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ತಂಗಿ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಹೊಸಪೇಟೆಗೆ ದಾರದ ಉಂಡೆ ಕೊಳ್ಳಲು ಬಂದವಳು, ಹಾದಿಯಲ್ಲಿ ಲೇತ್ ಅಂಗಡಿಗೆ ಹೋಗಿದ್ದಳು. ಒಳಗೆ ಬಂದು ಕೂಡಲೂ ಇಲ್ಲ.

"ಅಕ್ಕಾ, ನೀ ಒಯ್ದು ಮೂರು ತಿಂಗಳಾತಂತ."

ನಾನು ಬೀರು ತೆರೆದು, ಸೀರೆಗಳನ್ನೆತ್ತಿ, ಗೇರನ್ನು ತಂದು ಮೇಜಿನ ಮೇಲಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

"ಯಾಕ?"

"ಆ ಕಾರ್ ನಾ ಮೊದಲ ನೋಡಿದ್ದೆ. ಆರು ವರ್ಷದ ಹಿಂದ ಆ ಅಮ್ಮನ ಮನಿಗೆ ಹೋಗಿದ್ದೆ. ಒಯ್ಯಿ ಅಂದಿದ್ರು. ನಾ ತರಲಿಲ್ಲ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಬಿಟ್ಟುಕೊಡ್ತಿದ್ದಿಯೇನು?"

ಯೋಚನೆ ಮಾಡಿಯೇ ಹೇಳಿದಳು: "ಇಲ್ಲ. ಕೊಡ್ತಿರಲಿಲ್ಲ."

ಇಬ್ಬರಿಗೂ ನಗು ಬರಲಿಲ್ಲ. ಕುರ್ಚಿ ಎಳೆದು ಕೂತಳು. ನಾನು ಅಪ್ಪನ ಮಾತೆತ್ತಿದೆ. ನಿಲ್ದಾಣದ ತನಕ ಬಂದು ನನ್ನ ಮನೆಗೆ ಬಾರದೆ ಹೋಗುವುದನ್ನು, ಬಾಳೆಹಣ್ಣಿನ ಗಾಡಿಯ ಮರೆಯಲ್ಲಿ ನಾನು ನಿಂತದ್ದನ್ನು ಹೇಳಿದೆ. ನನ್ನ ದನಿ ಏರಿತು.

"ನನಗ ಮದುವಿಯಾಗಿ ಹನ್ನೆರಡು ವರ್ಷಾತು" ಎಂದಳು ತಂಗಿ. "ಕಾರ್ ಬರೋಕಿಂತ ಮುಂಚೆ ಅಪ್ಪ ನಮ್ಮ ಮನ್ಯಾಗ ಒಂದು ರಾತ್ರಿ ಉಳದಿಲ್ಲ. ನಿನ್ನ ಮನಿಗೆ ಬಂದು, ಉಂಡು, ಹಂಗ ಕಂಪ್ಲಿಗೆ ಹೋಗ್ತಿದ್ದ. ಆವಾಗ ನಾ ಏನ್ ಮುಚ್ಚಿಟ್ಟಿದ್ದೆ ನಿಂದು?"

ನಾನು ಚಹಾ ಇಡಲು ಎದ್ದೆ. ಅವಳು ಗೇರನ್ನು ಪರ್ಸಿಗೆ ಹಾಕಿಕೊಂಡು, ನಾನು ಇಟ್ಟ ಚಹಾ ಕುಡಿಯದೆ ಹೋದಳು. ಒಂದು ತಿಂಗಳು ನಮ್ಮ ನಡುವೆ ಮಾತಿರಲಿಲ್ಲ. ಗೇರು ಕೂತಿತೆಂದು ಅಪ್ಪನಿಂದ ತಿಳಿಯಿತು. ಮಕ್ಕಳಿಗೆ ಬೇಸರವಾಯಿತಂತೆ, ಈಗ ಅದು ಕಣ್ಣು ಹೊಡೆಯುವುದಿಲ್ಲವೆಂದು.

ಆಮೇಲೆ ಅವಳೇ ಫೋನ್ ಮಾಡಿದಳು. ಅಪ್ಪನಿಗೆ ಆ ಕಾರಿನಲ್ಲಿ ಕಂಪ್ಲಿಗೆ ಹೋಗಿ ಗಿರಣಿಯ ಮುಂದೆ ಇಳಿಯುವ ಆಸೆ. "ನೀ ಹೊಡಿ" ಎಂದಳು, "ನಾ ನಿನ್ನ ಸ್ಕೂಟಿ ಮ್ಯಾಲ ಹಿಂದ ಬರ್ತೀನಿ." ಸೀಟು ಇರುವುದೇ ಎರಡು. ಅಪ್ಪನನ್ನು ಕೂರಿಸಿಕೊಂಡು ಹೊಸಪೇಟೆಗೆ ಬಂದಾಗ ಅವಳು ಕೀಲಿಯನ್ನು ನನ್ನ ಕೈಗೆ ಕೊಟ್ಟಳು. ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ.

ಆ ಕಾರು ಓಡಿಸಿದ್ದನ್ನು ಹೇಗೆ ಹೇಳಲಿ! ರಸ್ತೆಯ ಪ್ರತಿ ಹರಳೂ ಸ್ಟೇರಿಂಗಿನ ಮೂಲಕ ಬೆರಳಿಗೆ ತಿಳಿಯುತ್ತಿತ್ತು. ಕಮಲಾಪುರದಲ್ಲಿ ಹಂಪಿಗೆ ಹೊರಟ ಪ್ರವಾಸಿಗರು ಆಟೋ ನಿಲ್ಲಿಸಿ ಫೋಟೋ ತೆಗೆದರು. ಅಪ್ಪ ಅಂಗಿಯ ಕಾಲರ್ ಸರಿಮಾಡಿಕೊಂಡ. ಊರು ದಾಟಿ ಕಾಲುವೆಯ ಪಕ್ಕದ ರಸ್ತೆಗೆ ಬಂದಾಗ, ಎರಡು ಕಡೆ ಭತ್ತದ ಗದ್ದೆ, ನಾನು ವೇಗ ಹೆಚ್ಚಿಸಿದೆ. ಇಷ್ಟು ವರ್ಷ ಬೇಕೆಂದದ್ದೆಲ್ಲ ಆ ಎರಡು ಸೀಟುಗಳಲ್ಲಿತ್ತು: ಆ ಕಾರು, ಪಕ್ಕದಲ್ಲಿ ಅಪ್ಪ.

ಅಪ್ಪ ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿದ್ದ.

"ಸಾವಕಾಶ ಹೊಡಿಯವಾ. ಆಕಿ ಕಾಣಾಕತ್ತಿಲ್ಲ."

ನಾನು ನಿಧಾನ ಮಾಡಿದೆ. ಕನ್ನಡಿಯಲ್ಲಿ ಸ್ಕೂಟಿ ಚುಕ್ಕೆಯಷ್ಟಾಗಿ, ಆಮೇಲೆ ದೊಡ್ಡದಾಗಿ ಬಂತು. ಅಪ್ಪ ಮುಂದೆ ತಿರುಗಿದ. ಎರಡು ಮೈಲಿಗೆ ಮತ್ತೆ ಹಿಂದೆ ತಿರುಗಿದ. ಕಂಪ್ಲಿ ಮುಟ್ಟುವವರೆಗೆ ಹಾಗೆಯೇ. ಗಿರಣಿಯ ಮುಂದೆ ಇಳಿದ ಕೂಡಲೆ ಸುತ್ತ ಸೇರಿದವರಿಗೆ ಹೇಳಿದ, "ಇದು ಸಣ್ಣಾಕಿ ಮಾಡಿದ್ದು. ಒಂದೊಂದು ಬೋಲ್ಟೂ ಆಕಿನ ಬಿಚ್ಚಿ ಹಾಕ್ಯಾಳ." ತಂಗಿ ಸ್ಕೂಟಿ ನಿಲ್ಲಿಸಿ ಹೆಲ್ಮೆಟ್ ತೆಗೆಯುತ್ತಿದ್ದಳು. ಅವಳ ಮುಖ ಮಗುವಿನಂತೆ ಕೆಂಪಾಯಿತು. ಆ ಮುಖ ನೋಡಿ ನನಗೆ ಸಂತೋಷವಾಯಿತು ಎಂದು ಬರೆದರೆ ಅರ್ಧ ಮಾತ್ರ ನಿಜ.

ಈಗ ಹದಿನೈದು ದಿನಕ್ಕೊಂದು ಭಾನುವಾರ ಸಂಡೂರಿಗೆ ಹೋಗುತ್ತೇನೆ. ಹಳೆಯ ಕಾರಿಗೆ ಕೆಲಸ ಮುಗಿಯುವುದೆಂದಿಲ್ಲ. ಹೋದ ವಾರ ಬ್ರೇಕಿನ ಎಣ್ಣೆ ಬದಲಿಸಿ ಅದರ ಕೊಳವೆಯೊಳಗಿನ ಗಾಳಿ ತೆಗೆದೆವು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಒಳಗೆ ಕೂತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಮಲಗಿ ತಿರುಪು ಬಿಚ್ಚಿ ಬಿಗಿಯಬೇಕು. ಕೆಳಗೆ ಮಲಗುವುದು ನನಗಿಷ್ಟ. ಆದರೆ ಕಾರು ಅವಳದು.

"ತುಳಿ" ಎಂದಳು ಕೆಳಗಿನಿಂದ. ತುಳಿದೆ.

"ಹಿಡಕೊ."

ಹಿಡಿದುಕೊಂಡೆ.