ಕಾಯುವ ಕೋಣೆಯ ದೊಡ್ಡಮ್ಮ

ರಕ್ತನಾಳದ ಉರಿಯೂತಕ್ಕೆ ಚಿಕಿತ್ಸೆ ಕೊಡುವ ಆ ಆಸ್ಪತ್ರೆಯ ಕಾಯುವ ಕೋಣೆಗೆಲ್ಲ ಅವಳು ದೊಡ್ಡಮ್ಮ. ಬಟ್ಟೆ ಹೊಲಿಯುವ ಕಸುಬಿನವಳು. ರಕ್ತಪರೀಕ್ಷೆಯ ದಿನ ಎಲ್ಲರಿಗಿಂತ ಮೊದಲು ಬಂದು, ಕಿಟಕಿಯ ಎಳೆಬಿಸಿಲಲ್ಲಿ ನಿದ್ದೆಗೂ ಎಚ್ಚರಕ್ಕೂ ನಡುವೆ ತೇಲುತ್ತ ಕೂರುತ್ತಾಳೆ. ಪಕ್ಕದಲ್ಲಿ ಯಾರಾದರೂ ಹೊಸಬರು ಕೂತರೆ ಸಾಕು, ಕನಸಿನಿಂದಲೇ ಎದ್ದು ಬಂದವಳ ಹಾಗೆ, ಡಾಕ್ಟರಿಗಿಂತ ಮೊದಲೇ ವಿಚಾರಣೆ ಶುರು: "ತಲೆ ಬಾಚೋವಾಗ ಕಣ್ಣಿನ ಪಕ್ಕ, ಕಣತಲೆ ನೋಯುತ್ತಾ? ಅಗಿಯೋವಾಗ ದವಡೆ ಸೋಲುತ್ತಾ?" ಆಮೇಲೆ ಪಾಠ: "ಮೈ ಕಾಯಬೇಕಾದ ಶಕ್ತಿನೇ ದಾರಿ ತಪ್ಪಿ ನಮ್ಮ ರಕ್ತನಾಳದ ಮೇಲೆ ಬೀಳುತ್ತಮ್ಮ. ನಾಳದ ಗೋಡೆ ಊದಿಕೊಂಡ್ರೆ ತಲೆಗೆ, ಕಣ್ಣಿಗೆ ರಕ್ತ ಹರಿಯೋದು ಹೇಗೆ?" ಸ್ಟೀರಾಯ್ಡ್ ಮಾತ್ರೆಯಿಂದ ತನ್ನ ಮುಖ ದುಂಡಗಾದದ್ದನ್ನೂ, ಹಸಿವು ಹೆಚ್ಚಾಗಿ ಮನೆಯ ಡಬ್ಬಿಗಳೆಲ್ಲ ತನ್ನನ್ನು ಕಂಡರೆ ನಡುಗುವುದನ್ನೂ ಹೇಳಿ ನಗಿಸುತ್ತಾಳೆ. "ಹಾಗಂತ ನಾವಾಗೇ ನಿಲ್ಲಿಸೋ ಹಾಗಿಲ್ಲ. ಡಾಕ್ಟ್ರು ಹೇಳಿದಷ್ಟೇ, ನಿಧಾನಕ್ಕೆ ಇಳಿಸಬೇಕು" ಎಂದು ಗದರಿಸುತ್ತಾಳೆ. ಮೊನ್ನೆ ಟೀಚರೊಬ್ಬರು ಮಾತ್ರೆಯ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು, "ಮಗಳ ಮದುವೆ ಮುಗೀಲಿ, ಮುಂದಿನ ವಾರ ಶುರು ಮಾಡ್ತೀನಿ. ಫೋಟೋದಲ್ಲಿ ಮುಖ ಊದಿಕೊಂಡಿದ್ರೆ ಚೆನ್ನಾಗಿರಲ್ಲ" ಎಂದು ಹೊರಟರು. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತಳು. ಯಾರಿಗೂ ಹೇಳದ್ದನ್ನು ಅವತ್ತು ಮೆಲ್ಲಗೆ ಹೇಳಿದಳು: "ನಾನೂ ಎಂಟು ದಿನ ಮುಂದಕ್ಕೆ ಹಾಕಿದ್ದೆ ಕಣಮ್ಮ, ಯಾರದೋ ಮದುವೆ ಬಟ್ಟೆ ಹೊಲಿಯೋದು ಬಾಕಿ ಇತ್ತು ಅಂತ. ಏಳನೇ ದಿನ ಬೆಳಿಗ್ಗೆ ನಾನು ಎದ್ದೆ, ಈ ಎಡಗಣ್ಣು ಏಳಲಿಲ್ಲ." ಟೀಚರ್ ಚೀಲದಿಂದ ಪೊಟ್ಟಣ ಹೊರತೆಗೆದರು. ದೊಡ್ಡಮ್ಮ ಕೊಟ್ಟ ಎರಡು ಬಿಸ್ಕತ್ತು ತಿಂದು, ಅಲ್ಲೇ ನಿಂತು ಮೊದಲ ಮಾತ್ರೆ ನುಂಗಿದರು.