ಕನ್ನಡಿಯ ಹಿಂದಿನ ಹೆಬ್ಬೆರಳು

ದೆವ್ವ, ಆತ್ಮ ಎಂದರೆ ನಗುತ್ತಿದ್ದವನು ನಾನು. ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ತಜ್ಞನಾಗಿದ್ದೆ. ಕಣ್ಣಿಗೆ ಕಾಣದ್ದನ್ನು ಪುಡಿ ಸವರಿ ಕಾಣಿಸುವುದೇ ಕಸುಬು. ಪುಡಿಗೂ ಸಿಗದ್ದು ನನ್ನ ಪಾಲಿಗೆ ಇರಲೇ ಇಲ್ಲ. ಆದರೂ ಲಕ್ಷ್ಮೇಶ್ವರದ ಆ ಮಧ್ಯಾಹ್ನದ ಸಂಗತಿಯನ್ನು ನಡೆದಂತೆಯೇ ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಗದಗ ಜಿಲ್ಲೆಯಾದ ಹೊಸತು. ಬಳೆ ಮಾರುತ್ತಿದ್ದ ಹುಸೇನಬಿ ಎಂಬ ಮುದುಕಿಯನ್ನು ಯಾರೋ ಮನೆಯೊಳಗೇ ಕೊಂದು ಬಂಗಾರ ಒಯ್ದಿದ್ದರು. ಅವಳನ್ನು ಖಾಲಾ ಎಂದು ಕರೆಯುತ್ತ ಜೊತೆಗಿದ್ದ ಅವಳ ಅಕ್ಕನ ಮಗ ರಫೀಕನನ್ನು ಬಂಧಿಸಿಯಾಗಿತ್ತು. ಮನೆ ತುಂಬ ಅವನ ಬೆರಳಚ್ಚು ಇದ್ದದ್ದು ನಿಜ. ಆದರೆ ಅಲ್ಲೇ ಉಂಡು ಮಲಗುವವನ ಬೆರಳಚ್ಚು ಇರದೆ ಇರುತ್ತದೆಯೇ? ಮನಸ್ಸು ಒಪ್ಪದೆ ಇನ್ನೊಮ್ಮೆ ನೋಡಲು ಹೋದೆ. ಕಾನ್‌ಸ್ಟೇಬಲ್ ಬಸಪ್ಪ ಬಾಗಿಲ ಕಟ್ಟೆಯ ಮೇಲೆ ಕುಳಿತ. ನಾನೊಬ್ಬನೇ ಒಳಗೆ ಹೋದೆ.

ಹೊಸದೇನೂ ಸಿಗಲಿಲ್ಲ. ದಣಿದು ಗೋಡೆಗೆ ಒರಗಿದೆ. ಬೆಳಕಿಂಡಿಯ ಬಿಸಿಲು ತೂಗುಹಾಕಿದ್ದ ಬಳೆಗಳ ಮೇಲೆ ಬಿದ್ದು, ಹಸಿರು ಕೆಂಪು ಬೆಳಕು ಗೋಡೆಯ ಮೇಲೆ ಮೆಲ್ಲಗೆ ಈಜುತ್ತಿತ್ತು. ಕಣ್ಣು ಹತ್ತಿತು. ಬಳೆ ತೊಡಿಸುವವರು ಅಳತೆ ನೋಡಲು ಹಿಡಿಯುತ್ತಾರಲ್ಲ, ಹಾಗೆ ಯಾರೋ ನನ್ನ ಕೈ ಹಿಡಿದು ಬೆರಳ ಗೆಣ್ಣುಗಳನ್ನು ಹಿತವಾಗಿ ಒತ್ತಿದರು. ತಣ್ಣನೆಯ ಕೈ. ಹೆದರಿಕೆಯೇ ಆಗಲಿಲ್ಲ.

ಎಚ್ಚರವಾದಾಗ ಎದುರು ಗೋಡೆಯ ಬಳಿ ನಿಂತಿದ್ದೆ. ಆ ಗೋಡೆಗೆ ತೂಗುಹಾಕಿದ್ದ ಕನ್ನಡಿ ನನ್ನ ಕೈಯಲ್ಲಿತ್ತು. ಅದರ ಹಿಂಬದಿಯ ತಗಡಿಗೆ ಪುಡಿ ಸವರಲಾಗಿತ್ತು. ನಡುವೆ ಸ್ಪಷ್ಟವಾದ ಒಂದು ಹೆಬ್ಬೆರಳ ಗುರುತು. ಕನ್ನಡಿ ಮುಚ್ಚಿದ್ದ ಜಾಗದಲ್ಲಿ ಬರಿದಾದ ಪುಟ್ಟ ಗೂಡು; ಬಂಗಾರ ಇದ್ದದ್ದು ಅಲ್ಲೇ.

ಬಸಪ್ಪ ಇಣುಕಿದ. “ಆ ಹೆಣ್ಮಗಳು ಹಿತ್ತಲ ಬಾಗಿಲಿಂದ ಹೋದ್ಲೇನ್ರಿ ಸಾಹೇಬ್ರ?”

“ಯಾವ ಹೆಣ್ಮಗಳು?”

“ಇಷ್ಟೊತ್ತನ ನಿಮ್ ಜೋಡಿ ಮಾತಾಡಾಕ ಹತ್ತಿದ್ಲಲ್ರೀ. ನೀವೂ ಹೂಂ ಹೂಂ ಅನ್ನಾಕ ಹತ್ತಿದ್ರಿ. ಅದಕ್ಕ ನಾ ಒಳಗ ಬರಲಿಲ್ರಿ.”

ಆ ಮನೆಗೆ ಇದ್ದದ್ದು ಅವನು ಕುಳಿತಿದ್ದ ಬಾಗಿಲೊಂದೇ.

ಗುರುತು ರಫೀಕನದಾಗಿರಲಿಲ್ಲ. ನೆರೆಯವರ ಬೆರಳಚ್ಚು ತೆಗೆದು ಹೋಲಿಸಿದಾಗ, ಆ ಮನೆಯ ಹೊಸ್ತಿಲನ್ನೇ ತುಳಿದಿಲ್ಲ ಎಂದಿದ್ದವನೊಬ್ಬನ ಹೆಬ್ಬೆರಳಿಗೆ ತಾಳೆಯಾಯಿತು. ಬಂಗಾರವೂ ಅವನಲ್ಲೇ ಸಿಕ್ಕಿತು. ಅವನು ಒಳಗೆ ಹೋದ, ರಫೀಕ ಹೊರಗೆ ಬಂದ. ನ್ಯಾಯಾಲಯದಲ್ಲಿ ಗುರುತು ಯಾರದೆಂದು ಕೇಳಿದರು, ವಿವರಿಸಿದೆ. ಕನ್ನಡಿ ತಿರುಗಿಸಿ ನೋಡಲು ಹೇಗೆ ಹೊಳೆಯಿತೆಂದು ಯಾರೂ ಕೇಳಲಿಲ್ಲ.

ಕೆಲವು ದಿನಗಳ ಮೇಲೆ ರಫೀಕ ಗದಗಿನ ನನ್ನ ಕಚೇರಿಗೆ ಬಂದ. ಬಸಪ್ಪ ಅವನಿಗೆ ಎಲ್ಲ ಹೇಳಿದ್ದನೆಂದು ಕಾಣುತ್ತದೆ. “ಸಾಹೇಬ್ರ, ನಮ್ಮ ಖಾಲಾ ನನಗೇನರ ಹೇಳು ಅಂದ್ಲೇನ್ರಿ?” ಎಂದು ಕೇಳಿದ.

ನೆನಪು ಮಾಡಿಕೊಳ್ಳಲು ನಿಜಕ್ಕೂ ಪ್ರಯತ್ನಿಸಿದೆ. ಈಗಲೂ ಪ್ರಯತ್ನಿಸುತ್ತೇನೆ. ಅಷ್ಟು ಹೊತ್ತು ನಾನು ಹೂಂಗುಟ್ಟಿದ್ದು ಯಾವ ಮಾತಿಗೆ ಎಂಬುದು ಇಂದಿಗೂ ನನಗೆ ತಿಳಿಯದು.